ಮನೆ ಮುಂದಿನ ಅಗಸೆ ಮರ: ಕಡಿಸುವುದೋ, ಹೂ ಬಿಡಿಸಿ ಪಲ್ಯ ಮಾಡುವುದೋ?

ಧಾರವಾಡದ_ಮಗಳು
ಎಲ್ಲರಿಗೂ ನಮಸ್ಕಾರ. ನನ್ನ ತವರು ಧಾರವಾಡ. ಆರು ತಿಂಗಳ ಹಿಂದೆ ಮೈಸೂರಿನಲ್ಲಿ ಹಳೆಯ ಮನೆಯೊಂದನ್ನು ಕೊಂಡು ಬಂದಿದ್ದೇವೆ. ಗೇಟಿನ ಪಕ್ಕದಲ್ಲಿ ತೆಳ್ಳಗೆ, ಎರಡು ಮಹಡಿಯ ಎತ್ತರಕ್ಕೆ ಬೆಳೆದ ಒಂದು ಮರವಿದೆ. ಎಲೆ ಹುಣಸೆಯದರ ಹಾಗೆ, ಆದರೆ ಸ್ವಲ್ಪ ದೊಡ್ಡದು. ದಸರೆ ಕಳೆದ ಮೇಲೆ ಹೂ ಬಿಡಲು ಶುರುವಾಯಿತು. ಬೆರಳುದ್ದದ ಬಿಳಿ ಹೂವು. ಮೊಗ್ಗು ಬಿದಿಗೆಯ ಚಂದ್ರನ ಹಾಗೆ ಬಾಗಿಕೊಂಡು ಜೋತಾಡುತ್ತದೆ. ಇಷ್ಟು ಚೆಂದದ ಹೂವನ್ನು ನಾನು ಹತ್ತಿರದಿಂದ ನೋಡಿದ್ದು ಇದೇ ಮೊದಲು.

ಪಕ್ಕದ ಮನೆಯ ಅಜ್ಜಿ ದಿನಾ ಬೆಳಗ್ಗೆ ಬಂದು, ನನ್ನನ್ನು ಕೇಳಿಯೇ, ಸೆರಗಿನಲ್ಲಿ ಹೂ ತುಂಬಿಕೊಂಡು ಹೋಗುತ್ತಾರೆ. "ಅಗಸೆ ಹೂವಮ್ಮ, ಪಲ್ಯ ಮಾಡು, ಮೈಗೆ ತಂಪು" ಎಂದರು. ನನಗೆ ಗೊಂದಲ. ನಮ್ಮ ಕಡೆ ಅಗಸಿ ಎಂದರೆ ಚಟ್ನಿಪುಡಿ ಮಾಡುವ ಕಂದು ಬಣ್ಣದ ಕಾಳು. ಮೊಬೈಲ್‌ನಲ್ಲಿ ಹುಡುಕಿದರೂ ಆ ಕಾಳೇ ಬರುತ್ತದೆ.

ಇನ್ನೊಂದು ಕಡೆ, ಹೋದ ವಾರದ ಗಾಳಿಗೆ ಒಂದು ಕೊಂಬೆ ಮುರಿದು ನಮ್ಮವರ ಸ್ಕೂಟರಿನ ಮೇಲೆ ಬಿದ್ದು ಕನ್ನಡಿ ಒಡೆಯಿತು. ಅವರು ಮರವನ್ನೇ ಕಡಿಸೋಣ ಎನ್ನುತ್ತಿದ್ದಾರೆ. ನಮ್ಮ ಅತ್ತೆಯವರು ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಾರೆ. ಔಷಧಿಯಲ್ಲಿರುವವರು ಅಗಸೆ ತಿನ್ನಬಾರದು ಎಂದು ಅವರ ತಂಗಿ ಹೆದರಿಸಿದ್ದಾರೆ. ಇದು ನಿಜವಾಗಿ ಯಾವ ಮರ, ತಿನ್ನಬಹುದೇ, ಉಳಿಸಿಕೊಳ್ಳಬಹುದೇ? ತಿಳಿದವರು ಹೇಳಿ.

ಹಿತ್ತಲಗಿಡ
ದಯವಿಟ್ಟು ಕಡಿಸಬೇಡಿ. ಇಷ್ಟನ್ನು ಮೊದಲು ಹೇಳಿಬಿಡುತ್ತೇನೆ, ವಿವರ ಆಮೇಲೆ ಬರೆಯುತ್ತೇನೆ.

ಪದಕೋಶ
ನಿಮ್ಮ ಗೊಂದಲಕ್ಕೆ ಕಾರಣ ಭಾಷೆಯಲ್ಲಿಯೇ ಇದೆ. ಅಗಸೆ ಎಂಬ ಒಂದೇ ಪದ ಎರಡು ಬೇರೆ ಬೇರೆ ಸಸ್ಯಗಳಿಗೆ ಸಲ್ಲುತ್ತದೆ. ಒಂದು ನೀಲಿ ಹೂವಿನ, ಮೊಣಕಾಲೆತ್ತರದ ಹೊಲದ ಬೆಳೆ. ಅದರ ಬೀಜವೇ ನಿಮ್ಮ ಚಟ್ನಿಪುಡಿಯ ಅಗಸಿ, ಅದರ ನಾರೇ ಲಿನನ್ ಬಟ್ಟೆ. ಇನ್ನೊಂದು ನಿಮ್ಮ ಮನೆಯ ಮುಂದಿರುವ ಮರ, ಸಂಸ್ಕೃತದ ಅಗಸ್ತ್ಯ ವೃಕ್ಷ, ತಮಿಳಿನ ಅಗತ್ತಿ. ಸಸ್ಯಶಾಸ್ತ್ರದ ಹೆಸರು ಸೆಸ್ಬೇನಿಯಾ ಗ್ರಾಂಡಿಫ್ಲೋರಾ. ಗ್ರಾಂಡಿಫ್ಲೋರಾ ಎಂದರೆ ದೊಡ್ಡ ಹೂವಿನದು ಎಂದರ್ಥ. ಅವರೆ, ತೊಗರಿಗಳ ಕುಟುಂಬದ್ದೇ ಮರ ಇದು. ಆ ಬಳಗದ ಹೂಗಳ ಪೈಕಿ ಇಷ್ಟು ದೊಡ್ಡವು ತೀರ ಕಡಿಮೆ. ಬಟಾಣಿ ಹೂವನ್ನು ಹಿಗ್ಗಿಸಿ ನೋಡಿದ ಹಾಗಿರುತ್ತದೆ.

ಎಲೆತೋಟ_ಸವಣೂರು
ಧಾರವಾಡದವರು ಎನ್ನುತ್ತೀರಿ, ಇದೇ ಮರ ನಮ್ಮ ಕಡೆಯ ಚೊಗಚಿ, ಗೊತ್ತಿಲ್ಲವೇ ತಂಗಿ? ನಮ್ಮ ಸವಣೂರು ಕಡೆಯ ಎಲೆತೋಟಕ್ಕೆ ಬಂದು ನೋಡಿ. ವೀಳ್ಯದೆಲೆಯ ಬಳ್ಳಿ ಹಬ್ಬುವುದೇ ಚೊಗಚಿ, ನುಗ್ಗೆ, ಹಾಲವಾಣದ ಮೇಲೆ. ಬಳ್ಳಿ ನೆಡುವ ಮೊದಲೇ ಸಾಲಿನಲ್ಲಿ ಚೊಗಚಿ ಬೀಜ ಹಾಕುತ್ತೇವೆ. ಗಿಡ ಆಳೆತ್ತರವಾದ ಮೇಲೆ ಬುಡಕ್ಕೆ ಬಳ್ಳಿ ಕೊಟ್ಟು, ಆಪು ಹುಲ್ಲಿನಿಂದ ಕಟ್ಟುತ್ತಾ ಹತ್ತಿಸುತ್ತೇವೆ. ಚೊಗಚಿಯ ನೆರಳು ತೆಳು. ಎಲೆಬಳ್ಳಿಗೆ ಅಂಥ ನೆರಳೇ ಬೇಕು. ಬಿಸಿಲು ಪೂರಾ ಬಿದ್ದರೆ ಎಲೆ ಹಳದಿಯಾಗಿ ಒರಟಾಗುತ್ತದೆ, ಕತ್ತಲಾದರೆ ಬಳ್ಳಿ ಸೊರಗುತ್ತದೆ. ಮೇಲಾಗಿ ಬೇರಿನ ಗಂಟುಗಳಲ್ಲಿ ಸಾರಜನಕ ಹಿಡಿದಿಡುವ ಗಿಡ, ನೆಲಕ್ಕೂ ಗೊಬ್ಬರ. ನಾನು ಹುಟ್ಟಿದಾಗಿನಿಂದ ಅದರ ನೆರಳಿನಲ್ಲಿಯೇ ದುಡಿದವನು.

ಧಾರವಾಡದ_ಮಗಳು
ಅಣ್ಣ, ಚೊಗಚಿ ಎಂದಿದ್ದರೆ ಕೂಡಲೇ ತಿಳಿಯುತ್ತಿತ್ತು! ಎಲೆತೋಟದಲ್ಲಿ ನೋಡಿದ್ದೆ, ಆದರೆ ಅಲ್ಲಿ ಬಳ್ಳಿಯೇ ಕಾಣುತ್ತದೆ ಹೊರತು ಮರ ಕಾಣುವುದಿಲ್ಲ. ಹೂ ಬಿಡುವಷ್ಟು ಅದನ್ನು ಬಿಟ್ಟಿರುವುದನ್ನು ನೋಡಿರಲಿಲ್ಲ.

ಕಡಲತಡಿ
ಚೊಗಚೆ ಎಂದರೆ ಮಳೆಗಾಲದಲ್ಲಿ ದಾರಿ ಬದಿಯಲ್ಲಿ ಬೆಳೆಯುವ ಹಳದಿ ಹೂವಿನ ಗಿಡವಲ್ಲವೇ? ಆಷಾಢದಲ್ಲಿ ಅದರ ಎಳೆ ಸೊಪ್ಪಿನ ಪಲ್ಯ ಮಾಡುತ್ತೇವೆ. ಇಲ್ಲಿ ಎಲ್ಲರೂ ತಪ್ಪು ಗಿಡ ಹೇಳುತ್ತಿರುವ ಹಾಗಿದೆ.

ಪದಕೋಶ
ಇಲ್ಲ, ನೀವು ಹೇಳುವುದು ತಗಚೆ ಅಥವಾ ಚಗಚೆ. ತುಳುವಿನಲ್ಲಿ ತಜಂಕ್. ಅದು ವರ್ಷದೊಳಗೆ ಒಣಗಿ ಹೋಗುವ ಸಣ್ಣ ಗಿಡ, ಹಿಸುಕಿದರೆ ಗಾಢವಾದ ವಾಸನೆ. ಚೊಗಚೆ ಮರ, ಚಗಚೆ ಗಿಡ. ಒಂದು ಸ್ವರದ ವ್ಯತ್ಯಾಸ, ಆದರೆ ಸಂತೆಯಲ್ಲಿ ಕೇಳುವಾಗ ಎಚ್ಚರವಿರಬೇಕು. ಎರಡೂ ತಿನ್ನುವ ಸೊಪ್ಪೇ ಆದ್ದರಿಂದ ಅಪಾಯವೇನಿಲ್ಲ, ಅಡುಗೆಯ ರುಚಿ ಮಾತ್ರ ಬೇರೆಯಾಗುತ್ತದೆ.

ಕಡಲತಡಿ
ಸರಿ, ಒಪ್ಪಿದೆ. ನಮ್ಮ ಅಮ್ಮನನ್ನು ಕೇಳಿದೆ, ಅವರೂ ತಗತೆ ಎಂದೇ ಹೇಳಿದರು. ಅಗಸೆ ಸೊಪ್ಪಿನ ತಂಬುಳಿಯನ್ನು ಬೇರೆಯಾಗಿ ಮಾಡುತ್ತಾರಂತೆ: ಎಳೆ ಸೊಪ್ಪನ್ನು ತುಪ್ಪದಲ್ಲಿ ಜೀರಿಗೆ, ಕಾಳುಮೆಣಸಿನೊಡನೆ ಬಾಡಿಸಿ, ಕಾಯಿ ತುರಿಯ ಜೊತೆ ಅರೆದು ಮಜ್ಜಿಗೆಯಲ್ಲಿ ಕದಡುವುದು. ಬಾಯಿ ಹುಣ್ಣಾದಾಗ ಊಟಕ್ಕೆ ಮೊದಲು ಅದನ್ನೇ ಕಲಸಿಕೊಡುತ್ತಿದ್ದರಂತೆ.

ಚಿಕ್ಕಮ್ಮ_ಚಾಮರಾಜಪುರಂ
ಮಗಳೇ, ನೀನು ಮೈಸೂರಿಗೆ ಬಂದು ಅಗಸೆ ಮರವಿರುವ ಮನೆಯನ್ನೇ ಕೊಂಡದ್ದು ಒಳ್ಳೆಯದಾಯಿತು. ನಮ್ಮ ಮನೆಯಲ್ಲಿ ಏಕಾದಶಿ ಉಪವಾಸದ ಮರುದಿನ, ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪಿಲ್ಲದೆ ಎಲೆ ಹಾಕಿದ್ದೇ ಇಲ್ಲ. ಸೊಪ್ಪಿನ ಪಲ್ಯ, ನೆಲ್ಲಿಕಾಯಿ, ಹೆಸರುಬೇಳೆಯ ಸಾರು. ಅಂದು ಹುಣಸೆಹಣ್ಣು ಹಾಕುವುದಿಲ್ಲ, ನಿಂಬೆಹಣ್ಣು ಹಿಂಡುತ್ತೇವೆ. ಒಂದಿಡೀ ದಿನ ಖಾಲಿಯಿದ್ದ ಹೊಟ್ಟೆಗೆ ಹುಣಸೆಯ ಹುಳಿ, ಖಾರ ಬೀಳಬಾರದೆಂದು ಹಿರಿಯರು ಹಾಗೆ ಮಾಡಿದ್ದಾರೆ ಎಂದು ನನ್ನ ನಂಬಿಕೆ. ಬೆಳಗಿನ ಜಾವ ಐದಕ್ಕೇ ಒಲೆ ಹಚ್ಚಿ, ಸೂರ್ಯ ಮೇಲೇರುವ ಮೊದಲು ಊಟ ಮುಗಿಯಬೇಕು. ದೇವರಾಜ ಮಾರುಕಟ್ಟೆಯಲ್ಲಿ ಏಕಾದಶಿಯ ದಿನವೇ ಕಟ್ಟು ತಂದು ಒದ್ದೆ ಬಟ್ಟೆಯಲ್ಲಿ ಸುತ್ತಿಡುತ್ತಿದ್ದೆವು.

ಹೂ ಬಿಡಿಸುವುದನ್ನು ಹೇಳುತ್ತೇನೆ, ಯಾಕೆಂದರೆ ಅಲ್ಲಿಯೇ ಹೆಚ್ಚಿನವರು ತಪ್ಪುವುದು. ಹೂವನ್ನು ಎಡಗೈಯಲ್ಲಿ ಹಿಡಿದು, ಬುಡದ ಹಸಿರು ಬಟ್ಟಲನ್ನು ಉಗುರಿನಿಂದ ಸೀಳಿ ಕಳಚು. ಮೇಲಿನ ಅಗಲವಾದ ಎಸಳು ಹಿಂದಕ್ಕೆ ಬಾಗಿರುತ್ತದೆ. ಕೆಳಗಿನ ಎಸಳುಗಳು ಕೂಡಿಕೊಂಡು ದೋಣಿಯ ಹಾಗಿರುತ್ತವೆ. ಆ ದೋಣಿಯನ್ನು ಬಿಡಿಸಿದರೆ ಒಳಗೆ ಬಿಲ್ಲಿನಂತೆ ಬಾಗಿದ ಕೇಸರದ ಕಡ್ಡಿ ಇರುತ್ತದೆ, ತುದಿಯಲ್ಲಿ ಹಳದಿ ಪುಡಿ. ಹಿಡಿದು ಎಳೆದರೆ ಇಡಿಯಾಗಿ ಬರುತ್ತದೆ. ಕಹಿ ಇರುವುದು ಅದರಲ್ಲಿ. ಅದನ್ನು ತೆಗೆದ ಮೇಲೆ ಉಳಿಯುವ ಎಸಳಿಗೆ ಎಳೆ ಅವರೆಯಂಥ ಸಿಹಿಯಿದೆ, ಹಸಿಯಾಗಿ ಕಚ್ಚಿದರೂ ಗೊತ್ತಾಗುತ್ತದೆ.

ಪಲ್ಯಕ್ಕೆ ಸಾಸಿವೆ, ಉದ್ದಿನಬೇಳೆ, ಒಣಮೆಣಸಿನಕಾಯಿ ಒಗ್ಗರಣೆ. ಅರ್ಧ ಗಂಟೆ ನೆನೆಸಿದ ಹೆಸರುಬೇಳೆ ಮೊದಲು ಬೇಯಲಿ. ಹೂ ಕೊನೆಗೆ. ನೀರು ಹಾಕಬೇಡ, ಅದರ ನೀರೇ ಸಾಕು. ಮೊರ ತುಂಬ ಹೂ ಬಾಣಲೆಯಲ್ಲಿ ಒಂದು ಬಟ್ಟಲಾಗುತ್ತದೆ, ಅದಕ್ಕೆ ಗಾಬರಿಯಾಗಬೇಡ. ಉಪ್ಪನ್ನು ಬಾಡಿದ ಮೇಲೆಯೇ ಹಾಕು, ಮೊದಲೇ ಹಾಕಿದರೆ ಉಪ್ಪು ಹೆಚ್ಚಾಗಿಬಿಡುತ್ತದೆ.

ಧಾರವಾಡದ_ಮಗಳು
ಚಿಕ್ಕಮ್ಮ, ಇದನ್ನು ಹಾಗೇ ಬರೆದಿಟ್ಟುಕೊಂಡೆ. ತುಂಬ ಧನ್ಯವಾದ.

ಬೋಂಡಾಪ್ರಿಯ
ಹೂವಿನ ಬಜ್ಜಿಯನ್ನು ಯಾರೂ ಹೇಳಲಿಲ್ಲ! ಕಡಲೆಹಿಟ್ಟು, ಒಂದು ಚಮಚ ಅಕ್ಕಿಹಿಟ್ಟು, ಓಮ, ಖಾರದಪುಡಿ. ಹೂವನ್ನು ಇಡಿಯಾಗಿ ಅದ್ದಿ ಕರಿಯಿರಿ. ಬಂಗಾಳದಲ್ಲಿಯೂ ಇದನ್ನು ಬಕ ಫೂಲ್ ಎಂದು ಕರೆದು ಹೀಗೆಯೇ ಕರಿಯುತ್ತಾರೆ. ಬಕ ಎಂದರೆ ಕೊಕ್ಕರೆ. ಮೊಗ್ಗನ್ನು ನೋಡಿದರೆ ಹೆಸರಿನ ಕಾರಣ ತಿಳಿಯುತ್ತದೆ. ಮಹಾರಾಷ್ಟ್ರದವರಿಗೆ ಇದು ಹದಗಾ.

ಬ್ಯಾಂಕಾಕ್_ಕನ್ನಡಿಗ
ಕೆಲಸದ ಮೇಲೆ ಒಂಬತ್ತು ವರ್ಷದಿಂದ ಥಾಯ್ಲೆಂಡಿನಲ್ಲಿದ್ದೇನೆ. ಇಲ್ಲಿನ ಸಂತೆಗಳಲ್ಲಿ ಈ ಹೂವನ್ನು ಗುಡ್ಡೆ ಹಾಕಿ ಮಾರುತ್ತಾರೆ. ಹೆಸರು ಡೋಕ್ ಖೇ. ಹುಣಸೆಹುಳಿ ಹಾಕಿದ ಕೇಂಗ್ ಸೋಮ್ ಎಂಬ ಸಾರಿನಲ್ಲಿ ಮೀನು ಅಥವಾ ಸೀಗಡಿಯ ಜೊತೆ ಬೇಯಿಸುತ್ತಾರೆ. ನಾನು ಸಸ್ಯಾಹಾರಿ, ಆದ್ದರಿಂದ ಬೇಯಿಸಿದ ಹೂವನ್ನು ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುತ್ತೇನೆ. ಅದೂ ಇಲ್ಲಿನ ರೂಢಿಯೇ. ಇಲ್ಲಿಯೂ ಮಾರುವ ಹೆಂಗಸರು ಕೂತಲ್ಲಿಯೇ ಕೇಸರ ಕಿತ್ತು ಹಾಕುತ್ತಿರುತ್ತಾರೆ, ಚಿಕ್ಕಮ್ಮ ಹೇಳಿದ ಹಾಗೆಯೇ. ಮೊದಲ ಸಲ ಅದನ್ನು ನೋಡಿದಾಗ ಊರಿನ ಅಜ್ಜಿಯ ನೆನಪಾಗಿ ಅಲ್ಲೇ ನಿಂತುಬಿಟ್ಟಿದ್ದೆ. ಫಿಲಿಪ್ಪೀನ್ಸ್‌ನ ಸಹೋದ್ಯೋಗಿಯೊಬ್ಬರು ತಮ್ಮ ಊರಿನಲ್ಲಿ ಇದನ್ನು ಕತುರಾಯ್ ಎನ್ನುತ್ತಾರೆಂದೂ, ಬೇಯಿಸಿ ಟೊಮೆಟೊ, ಈರುಳ್ಳಿ, ವಿನೆಗರ್ ಸೇರಿಸಿ ಕೋಸಂಬರಿಯಂತೆ ತಿನ್ನುತ್ತಾರೆಂದೂ ಹೇಳಿದರು.

ಎಲೆತೋಟ_ಸವಣೂರು
ಹುಳಿ ಸಾರಿನಲ್ಲಿ ಚೊಗಚಿ ಹೂವು! ನಾಳೆಯೇ ಮನೆಯಲ್ಲಿ ಹೇಳುತ್ತೇನೆ.

ಅರೆತಲೆ
ಔಷಧದ ವಿಷಯಕ್ಕೆ ಬರೋಣ. ನನಗೆ ಹದಿನೈದು ವರ್ಷ ಅರೆತಲೆನೋವಿತ್ತು. ನಮ್ಮ ಊರಿನಲ್ಲಿ ಒಬ್ಬರು ಅಗಸೆ ಎಲೆಯ ರಸ ತೆಗೆದು, ನೋವಿರುವ ಕಡೆಯದಲ್ಲ, ಎದುರು ಮೂಗಿನ ಹೊಳ್ಳೆಗೆ ಎರಡು ಹನಿ ಬಿಟ್ಟರು. ಮೂರು ದಿನ ಬಿಟ್ಟಮೇಲೆ ನೋವು ಕಡಿಮೆಯಾಯಿತು. ಎಲ್ಲರೂ ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಖರ್ಚಿಲ್ಲದ ಔಷಧ.

ವೈದ್ಯೆ_ಶಿರಸಿ
ಇಲ್ಲಿ ನಾನು ಮಾತನಾಡಲೇಬೇಕು. ಆಯುರ್ವೇದ ಓದಿ ಇಪ್ಪತ್ತು ವರ್ಷ ರೋಗಿಗಳನ್ನು ನೋಡಿದವಳು. ಅಗಸೆ ಎಲೆಯ ರಸದ ನಸ್ಯ, ಅಂದರೆ ಮೂಗಿಗೆ ಬಿಡುವ ಚಿಕಿತ್ಸೆ, ಶಾಸ್ತ್ರದಲ್ಲಿದೆ, ನಿಜ. ಭಾವಪ್ರಕಾಶ ಎಂಬ ಆಯುರ್ವೇದ ಗ್ರಂಥದಲ್ಲಿ ಇದರ ಹೂವನ್ನು ಶೀತಗುಣದ್ದು, ಚಾತುರ್ಥಿಕ ಜ್ವರವನ್ನೂ ಇರುಳುಗುರುಡನ್ನೂ ನೀಗುವಂಥದ್ದು ಎಂದು ವರ್ಣಿಸಲಾಗಿದೆ. ಚಾತುರ್ಥಿಕ ಎಂದರೆ ನಡುವೆ ಎರಡು ದಿನ ಬಿಟ್ಟು ಮರಳಿ ಬರುವ ಜ್ವರ. ಮಲೇರಿಯಾದ ಒಂದು ಬಗೆ ಹೀಗೆಯೇ ಬರುತ್ತದೆ. ಆದರೆ ನಸ್ಯವೆಂದರೆ ಎಲೆ ಹಿಂಡಿ ಮೂಗಿಗೆ ಬಿಡುವುದಷ್ಟೇ ಅಲ್ಲ. ಯಾರಿಗೆ ಕೊಡಬೇಕು, ಯಾರಿಗೆ ಕೊಡಬಾರದು, ಮೊದಲು ಮುಖಕ್ಕೆ ಎಣ್ಣೆ ಮತ್ತು ಶಾಖ, ಎಷ್ಟು ಹನಿ, ಆಮೇಲೆ ಏನು ಎಂಬ ಕ್ರಮವಿದೆ. ತೊಳೆಯದ ಎಲೆಯ ಹಸಿ ರಸ ಮೂಗಿನೊಳಗೆ ಉರಿ ಎಬ್ಬಿಸುತ್ತದೆ, ಶ್ವಾಸಕ್ಕೆ ಹೋದರೆ ತೊಂದರೆ. ಮಕ್ಕಳಿಗೆ, ಬಸುರಿಯರಿಗೆ, ಆಸ್ತಮಾ ಇರುವವರಿಗೆ ಮನೆಯಲ್ಲಿ ಖಂಡಿತ ಮಾಡಬೇಡಿ.

ಜ್ವರ ಬಿಟ್ಟು ಬಿಟ್ಟು ಬಂದರೆ ರಕ್ತಪರೀಕ್ಷೆ ಮಾಡಿಸಿ. ಸಂಜೆಯಾದ ಮೇಲೆ ಕಣ್ಣು ಮಂಜಾದರೆ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಸೊಪ್ಪನ್ನು ಊಟದಲ್ಲಿ ತಿನ್ನಿ, ಅದು ಬೇರೆ ಮಾತು. ಕಣ್ಣಿಗೆ ಬೇಕಾದ ಎ ಜೀವಸತ್ತ್ವಕ್ಕೆ ಮೂಲವಾದ ಅಂಶ ಹಸಿರು ಸೊಪ್ಪುಗಳಲ್ಲಿ ಚೆನ್ನಾಗಿ ಇದೆ.

ಅರೆತಲೆ
ಮೇಡಂ, ನನಗೆ ಗುಣವಾದದ್ದು ಸುಳ್ಳೇ?

ವೈದ್ಯೆ_ಶಿರಸಿ
ಸುಳ್ಳು ಎನ್ನಲಿಲ್ಲ. ನಿಮಗೆ ಗುಣವಾದದ್ದು ಸಂತೋಷ. ನಿಮಗೆ ಆಗಿದ್ದನ್ನು ನೋಡಿ ಇನ್ನೊಬ್ಬರ ಮಗುವಿನ ಮೂಗಿಗೆ ಹನಿ ಬಿಡುವುದು ಬೇಡ ಎಂದೆ, ಅಷ್ಟೇ.

ಲೇಹ್ಯ
ಕೆಮ್ಮಿಗೆ ಕೊಡುವ ಅಗಸ್ತ್ಯ ರಸಾಯನವೂ ಇದೇ ಮರದಿಂದ ಮಾಡಿದ್ದು. ನಮ್ಮ ತಂದೆಯವರು ಅದನ್ನು ನೆಚ್ಚಿಕೊಂಡಿದ್ದರು. ಹಾಗಾಗಿ ಮರ ಉಳಿಸಿಕೊಳ್ಳಿ.

ವೈದ್ಯೆ_ಶಿರಸಿ
ಮರ ಉಳಿಸಿಕೊಳ್ಳಲಿ, ಆದರೆ ಕಾರಣ ಅದಲ್ಲ. ಅಗಸ್ತ್ಯ ಹರೀತಕೀ ರಸಾಯನದಲ್ಲಿ ಮುಖ್ಯವಾದದ್ದು ಅಳಲೆಕಾಯಿ, ಜೊತೆಗೆ ದಶಮೂಲ ಎಂಬ ಹತ್ತು ಬೇರುಗಳು ಮುಂತಾದವು. ಅಗಸ್ತ್ಯ ಮಹರ್ಷಿ ಹೇಳಿಕೊಟ್ಟ ಯೋಗ ಎಂಬ ಅರ್ಥದಲ್ಲಿ ಆ ಹೆಸರು. ಅಗಸೆ ಮರಕ್ಕೂ ಅದಕ್ಕೂ ಸಂಬಂಧವಿಲ್ಲ.

ಲೇಹ್ಯ
ಇಷ್ಟು ವರ್ಷ ತಪ್ಪು ತಿಳಿದಿದ್ದೆ. ತಿದ್ದಿದ್ದಕ್ಕೆ ಧನ್ಯವಾದಗಳು.

ಇರುಳುನೋಟ
ಮರಕ್ಕೆ ಆ ಹೆಸರು ಬಂದಿರುವುದಕ್ಕೂ ಆಕಾಶಕ್ಕೂ ಒಂದು ನಂಟು ಹೇಳುತ್ತಾರೆ. ಅಗಸ್ತ್ಯ ನಕ್ಷತ್ರವು ಬೆಳಗಿನ ಜಾವದ ಆಕಾಶದಲ್ಲಿ ಮತ್ತೆ ಕಾಣಿಸಿಕೊಳ್ಳುವ ಕಾಲಕ್ಕೆ, ಮಳೆ ಇಳಿದು ಶರತ್ತು ಬರುವಾಗ, ಈ ಮರ ಹೂ ಬಿಡುತ್ತದೆ. ರಾತ್ರಿಯ ಆಕಾಶದಲ್ಲಿ ಲುಬ್ಧಕದ ನಂತರ ಅತ್ಯಂತ ಪ್ರಕಾಶಮಾನವಾದ ನಕ್ಷತ್ರ ಅದೇ. ಉತ್ತರ ಭಾರತದವರಿಗೆ ಅದು ದಿಗಂತಕ್ಕೆ ಅಂಟಿಕೊಂಡಂತೆ ಕಾಣುತ್ತದೆ, ನಮಗೆ ಚೆನ್ನಾಗಿ ಮೇಲೇರುತ್ತದೆ. ಸೆಪ್ಟೆಂಬರಿನಲ್ಲಿ ಬೆಳಗ್ಗೆ ನಾಲ್ಕಕ್ಕೆ ಎದ್ದು ಆಗ್ನೇಯಕ್ಕೆ ಮುಖ ಮಾಡಿ ನಿಂತರೆ ಸಾಕು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ರಾತ್ರಿಯ ಹೊತ್ತಿನಲ್ಲಿಯೇ ದಕ್ಷಿಣದಲ್ಲಿ ಕಾಣುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ನಾನು ಮರ, ನಕ್ಷತ್ರ ಎರಡನ್ನೂ ಒಟ್ಟಿಗೆ ತೋರಿಸುತ್ತೇನೆ.

ಪದಕೋಶ
ಚೆನ್ನಾಗಿ ಹೇಳಿದಿರಿ. ಮುನಿದ್ರುಮ, ಮುನಿಪುಷ್ಪ ಎಂಬ ಸಂಸ್ಕೃತದ ಹೆಸರುಗಳಲ್ಲಿಯೂ ಮುನಿ ಎಂದರೆ ಅಗಸ್ತ್ಯನೇ. ಶಿವನ ಪೂಜೆಗೂ ಈ ಹೂ ಸಲ್ಲುತ್ತದೆ. ಇನ್ನೊಂದು ಸಂಗತಿ. ಕೇರಳದ ಗಿಡಮರಗಳನ್ನು ಕುರಿತು ಡಚ್ಚರ ಕಾಲದಲ್ಲಿ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಅಚ್ಚಾದ ಹೋರ್ಟಸ್ ಮಲಬಾರಿಕಸ್‌ನಲ್ಲಿ ಈ ಮರ ಅಗಟಿ ಎಂಬ ಮಲಯಾಳಂ ಹೆಸರಿನಲ್ಲಿಯೇ ಇದೆ. ಮುಂದೆ ಯುರೋಪಿನ ಸಸ್ಯಶಾಸ್ತ್ರಜ್ಞರು ಅಗಟಿ ಎಂಬುದನ್ನೇ ಒಂದು ಕುಲದ ಹೆಸರಾಗಿ ಮಾಡಿಕೊಂಡು ಬಹಳ ಕಾಲ ಬಳಸಿದರು. ನಮ್ಮ ಹಳ್ಳಿಯ ಬಾಯಿಮಾತು ಲ್ಯಾಟಿನ್‌ಗೆ ಹೋದದ್ದನ್ನು ನೆನೆದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಹುಬ್ಬಳ್ಳಿ_ಊಟ
ಉತ್ತರ ಕರ್ನಾಟಕದಲ್ಲಿ ಅಗಸಿ ಎಂದರೆ ಊರ ಹೆಬ್ಬಾಗಿಲು ಕೂಡ. ಅಗಸಿಯ ಕಟ್ಟೆಯ ಮೇಲೆ ಕೂತು ಅಗಸಿ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿದ ರೊಟ್ಟಿ ತಿಂದವರು ನಾವು. ಅಗಸಿ ಚಟ್ನಿಪುಡಿಗೆ ಕಾಳನ್ನು ಸಣ್ಣ ಉರಿಯಲ್ಲಿ ಚಟಪಟ ಎನ್ನುವವರೆಗೆ ಹುರಿಯಬೇಕು, ಕೆಂಪುಖಾರ, ಬೆಳ್ಳುಳ್ಳಿ, ಜೀರಿಗೆ, ಚೂರು ಹುಣಸೆ, ಬೆಲ್ಲ...

ಹಿತ್ತಲಗಿಡ
ಹುಬ್ಬಳ್ಳಿಯವರೇ, ಚಟ್ನಿಪುಡಿಗೆ ಬೇರೆಯೇ ಚರ್ಚೆ ತೆರೆಯಿರಿ, ನಾನೂ ಬರುತ್ತೇನೆ. ಇಲ್ಲಿ ಮರದ ಪ್ರಾಣದ ಪ್ರಶ್ನೆಯಿದೆ.

ಈಗ ನನ್ನ ವಿವರ. ಅಗಸೆ ಬಹಳ ಬೇಗ ಬೆಳೆಯುವ ಮರ. ನೀರು, ಬಿಸಿಲು ಇದ್ದರೆ ಮೊದಲ ವರ್ಷದಲ್ಲಿಯೇ ಮನೆಯ ಸೂರು ಮುಟ್ಟುತ್ತದೆ. ಹಾಗೆ ಬೆಳೆದದ್ದರಿಂದಲೇ ಅದರ ಕಟ್ಟಿಗೆ ಹಗುರ, ಮೆದು. ಗಾಳಿಗೆ ಕೊಂಬೆ ಮುರಿಯುವುದು ಅದರ ಸ್ವಭಾವ, ರೋಗವಲ್ಲ. ಆಯಸ್ಸೂ ಆಲ, ಹುಣಸೆಗಳ ಹಾಗಲ್ಲ. ಇಪ್ಪತ್ತು ವರ್ಷ ಬಾಳಿದರೆ ದೊಡ್ಡದು. ಗೇಟಿನ ಮೇಲೆ, ದಾರಿಯ ಮೇಲೆ ಚಾಚಿದ ಕೊಂಬೆಗಳನ್ನು ಮಾತ್ರ ತೆಗೆಸಿ. ನಡುಕಾಂಡದ ತುದಿಯನ್ನು ಕತ್ತರಿಸಿ ಬೋಳು ಮಾಡಿಸಬೇಡಿ. ಬೇರೆ ಮರಗಳ ಹಾಗೆ ಇದು ಮತ್ತೆ ಮತ್ತೆ ಬೋಳಾಗುವುದನ್ನು ತಡೆಯುವುದಿಲ್ಲ, ಒಣಗಿಹೋಗುತ್ತದೆ. ನಾನು ಆ ತಪ್ಪು ಮಾಡಿ ಒಂದು ಮರ ಕಳೆದುಕೊಂಡಿದ್ದೇನೆ. ಎದೆಯೆತ್ತರಕ್ಕೆ ಕಡಿಸಿದೆ, ಎರಡು ಚಿಗುರು ಬಂದವು, ಎರಡೂ ಬಾಡಿದವು. ಆ ಜಾಗ ಈಗಲೂ ಖಾಲಿಯಿದೆ.

ಕಾಂಡದಲ್ಲಿ ತೂತು, ಕೆಳಗೆ ಮರದ ಪುಡಿ ಬಿದ್ದಿದೆಯೇ ನೋಡಿ. ಅಗಸೆಗೆ ಕಾಂಡಕೊರಕದ ಕಾಟವುಂಟು. ಇದ್ದರೆ ಆ ಮರ ಗಾಳಿಗೆ ನಿಲ್ಲುವುದಿಲ್ಲ.

ನೀರುಗಂಟಿ
ಪೂರ್ತಿ ಕಡಿಸುವುದಾದರೆ 1976ರ ಮರ ಸಂರಕ್ಷಣಾ ಕಾಯ್ದೆಯನ್ನು ಮರೆಯಬೇಡಿ. ನಿಮ್ಮದೇ ಕಾಂಪೌಂಡಿನೊಳಗಿನ ಮರವಾದರೂ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲು ಕೇಳಿ.

ಕುರಿಹಟ್ಟಿ
ಕೊಂಬೆ ತೆಗೆಸಿದರೆ ಸೊಪ್ಪನ್ನು ಎಸೆಯಬೇಡಿ. ಆಡು, ಕುರಿ, ಹಸು ತುಂಬ ಇಷ್ಟಪಟ್ಟು ತಿನ್ನುತ್ತವೆ. ಆದರೆ ಕೋಳಿಗೆ ಹಾಕಬೇಡಿ. ಕೋಳಿಗೆ ಈ ಸೊಪ್ಪು ವಿಷ, ಮರಿಗಳಂತೂ ಸಾಯುತ್ತವೆ.

ಕೊಯಮತ್ತೂರು_ಕನ್ನಡತಿ
ತಮಿಳುನಾಡಿನಲ್ಲಿ ದೇವಸ್ಥಾನದ ಮುಂದೆ ಅಗತ್ತಿ ಕೀರೆಯ, ಅಂದರೆ ಅಗಸೆ ಸೊಪ್ಪಿನ, ಕಟ್ಟು ಮಾರುತ್ತಾರೆ, ಜನ ಕೊಂಡು ಹಸುವಿಗೆ ತಿನ್ನಿಸುತ್ತಾರೆ. ಅಮಾವಾಸ್ಯೆಯ ದಿನ ಇನ್ನೂ ಹೆಚ್ಚು. ಪಿತೃಗಳಿಗೆ ಸಲ್ಲುತ್ತದೆ ಎಂಬ ನಂಬಿಕೆ.

ಧಾರವಾಡದ ಅಕ್ಕ ಕೇಳಿದ ಮಾತ್ರೆಯ ಪ್ರಶ್ನೆಯನ್ನು ಯಾರೂ ಮುಟ್ಟಲಿಲ್ಲ. ಇಲ್ಲಿ ಸಿದ್ಧ ಎಂಬ ತಮಿಳು ವೈದ್ಯಪದ್ಧತಿಯ ವೈದ್ಯರು ಅಗತ್ತಿ ಕೀರೆ ಔಷಧಿಯ ಬಲ ಮುರಿಯುತ್ತದೆ ಎಂದು ಹೇಳಿ, ಔಷಧಿ ತೆಗೆದುಕೊಳ್ಳುವಷ್ಟು ದಿನ ಬೇಡ ಎನ್ನುತ್ತಾರೆ. ನಮ್ಮ ಅತ್ತೆಯ ಮನೆಯಲ್ಲಿ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ.

ಲೆಕ್ಕಿಗ
ಈ ಔಷಧಿ ಮುರಿಯುವ ಮಾತಿಗೆ ಆಧಾರವೇನು? ಇಷ್ಟು ಪೌಷ್ಟಿಕವಾದ ಸೊಪ್ಪನ್ನು ಹೆದರಿ ಬಿಡುವುದು ತಪ್ಪು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಆಹಾರ ಕೋಷ್ಟಕದಲ್ಲಿ 100 ಗ್ರಾಂ ಅಗಸೆ ಸೊಪ್ಪಿಗೆ 1130 ಮಿಲಿಗ್ರಾಂ ಕ್ಯಾಲ್ಸಿಯಂ ಎಂದಿದೆ. ಹಸುವಿನ ಹಾಲಿನಲ್ಲಿ 120. ಒಂಬತ್ತು ಪಟ್ಟಿಗಿಂತ ಹೆಚ್ಚು! ಎಲ್ಲ ಅಜ್ಜಿಯರಿಗೂ ದಿನಾ ಕೊಡಬೇಕಾದ ಸೊಪ್ಪು.

ವೈದ್ಯೆ_ಶಿರಸಿ
ಅಂಕಿ ಸರಿ, ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ಸೊಪ್ಪಿನಲ್ಲಿರುವ ಸುಣ್ಣದ ಅಂಶವೆಲ್ಲ ಮೈಗೆ ಹತ್ತುವುದಿಲ್ಲ. ಆಕ್ಸಲೇಟ್‌ನಂಥ ಅಂಶಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಒಂದು ಹೊತ್ತಿಗೆ 100 ಗ್ರಾಂ ಅಗಸೆ ಸೊಪ್ಪನ್ನು ಎಲ್ಲರೂ ತಿನ್ನುವುದೂ ಇಲ್ಲ. ದಿನಾ ತಿಂದರೆ ಹಲವರಿಗೆ ಹೊಟ್ಟೆ ಉಬ್ಬರಿಸುತ್ತದೆ, ಜೀರ್ಣಕ್ಕೆ ಜಡವಾದ ಸೊಪ್ಪು. ಹದಿನೈದು ದಿನಕ್ಕೊಮ್ಮೆ ಬರುವ ದ್ವಾದಶಿಯ ಅಳತೆ ನನಗೆ ಸರಿಯೆನಿಸುತ್ತದೆ.

ಮಾತ್ರೆಯ ವಿಷಯ. ಔಷಧಿ ಮುರಿಯುತ್ತದೆ ಎಂಬುದು ಪಥ್ಯದ ಪರಂಪರೆಯಿಂದ ಬಂದ ಮಾತು, ಅದನ್ನು ಕಡೆಗಣಿಸುವ ಅಗತ್ಯವಿಲ್ಲ. ಎಲ್ಲ ಮಾತ್ರೆಗೂ ಹಾಗೆಯೇ ಎಂದು ಹೆದರುವ ಅಗತ್ಯವೂ ಇಲ್ಲ. ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ಯಾವ ಹಸಿರು ಸೊಪ್ಪನ್ನೂ ಒಮ್ಮೆಲೇ ಹೆಚ್ಚು ತಿನ್ನಬಾರದು, ಅದರಲ್ಲಿರುವ ಕೆ ಜೀವಸತ್ತ್ವ ಮಾತ್ರೆಯ ಕೆಲಸವನ್ನು ತಡೆಯುತ್ತದೆ. ಮೂತ್ರಪಿಂಡದ ತೊಂದರೆ ಇದ್ದವರಿಗೂ ಮಿತಿಯಿದೆ. ನಿಮ್ಮ ಅತ್ತೆಯವರ ಮಾತ್ರೆಯ ಚೀಟಿಯನ್ನು ಅವರ ವೈದ್ಯರಿಗೆ ತೋರಿಸಿ ಒಂದು ಮಾತು ಕೇಳಿ. ಸೊಪ್ಪಿಗಿಂತ ಹೂ ಹಗುರ, ಒಂದೆರಡು ಚಮಚದಿಂದ ಶುರುಮಾಡಲಿ.

ಲೆಕ್ಕಿಗ
ಹೀರಿಕೆಯ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ. ದಿನಾ ಎಂದದ್ದನ್ನು ಬಿಟ್ಟರೂ, ತಿಂಗಳಿಗೆ ಎರಡು ಸಲವಾದರೂ ತಿನ್ನಲಿ ಎನ್ನುತ್ತೇನೆ.

ವೈದ್ಯೆ_ಶಿರಸಿ
ಅದಕ್ಕೆ ನನ್ನ ಸಹಿಯೂ ಇದೆ.

ಮೇಷ್ಟ್ರು_ಕೊಳ್ಳೇಗಾಲ
ಕೆಂಪು ಹೂವಿನ ಅಗಸೆಯೂ ಉಂಟು, ನೋಡಲು ಇನ್ನೂ ಚೆಂದ. ಆದರೆ ತಿನ್ನಲು ಬಿಳಿಯದೇ ಮೇಲು, ಕೆಂಪು ಹೆಚ್ಚು ಕಹಿ. ನಮ್ಮ ಶಾಲೆಯ ಕಾಂಪೌಂಡಿನಲ್ಲಿ ಎರಡೂ ಇದ್ದವು. ಹೂ ಬಿಟ್ಟ ಕಾಲದಲ್ಲಿ ಸೂರಕ್ಕಿಗಳು ತಲೆಕೆಳಗಾಗಿ ಜೋತು ಮಕರಂದ ಹೀರುತ್ತಿದ್ದವು, ಪಾಠ ಕೇಳುವ ಮಕ್ಕಳೆಲ್ಲ ಕಿಟಕಿಯ ಕಡೆಗೇ ನೋಡುತ್ತಿದ್ದರು. ರಸ್ತೆ ಅಗಲ ಮಾಡುವಾಗ ಎರಡೂ ಹೋದವು. ಬಿಸಿಯೂಟದ ಸಾರಿಗೆ ಸೊಪ್ಪು ಕೊಟ್ಟ ಮರಗಳು ಅವು. ಕಡಿದ ದಿನ ಅಡುಗೆಯಮ್ಮ ಊಟ ಮಾಡಲಿಲ್ಲ.

ಕಡಲತಡಿ
ಮೇಷ್ಟ್ರೇ, ಬೀಜ ಎತ್ತಿಟ್ಟಿದ್ದಿರಾ?

ಮೇಷ್ಟ್ರು_ಕೊಳ್ಳೇಗಾಲ
ಕೆಂಪಿನದು ಒಂದು ಡಬ್ಬಿ ಇದೆ. ಬಿಳಿಯದು ಸಿಗಲಿಲ್ಲ. ಆ ವರ್ಷ ಕಾಯಿ ಬಲಿಯುವ ಮೊದಲೇ ಕಡಿದರು.

ಧಾರವಾಡದ_ಮಗಳು (ಮೂರು ವಾರದ ನಂತರ)
ನಿಮಗೆಲ್ಲ ಸುದ್ದಿ ಹೇಳಬೇಕು. ಮರ ಇದೆ. ತೋಟಗಾರಿಕೆ ಬಲ್ಲ ಒಬ್ಬರನ್ನು ಕರೆಸಿ ಕಾಂಡ ನೋಡಿಸಿದೆವು, ತೂತಿಲ್ಲ. ಗೇಟಿನ ಕಡೆಯ ಮೂರು ಕೊಂಬೆಗಳನ್ನು ಮಾತ್ರ ತೆಗೆಸಿ, ತುದಿಯನ್ನು ಮುಟ್ಟಲಿಲ್ಲ. ಕತ್ತರಿಸಿದ ಜಾಗದಲ್ಲಿ ಕೆಂಪು ಅಂಟು ಒಸರಿ, ಎರಡು ದಿನದಲ್ಲಿ ಕಪ್ಪಾಯಿತು. ನಮ್ಮವರು ಸ್ಕೂಟರನ್ನು ಮನೆಯ ಇನ್ನೊಂದು ಬದಿಗೆ ನಿಲ್ಲಿಸುತ್ತಿದ್ದಾರೆ. ಸೊಪ್ಪು ಹಾಲಿನವರ ಹಸುವಿಗೆ ಹೋಯಿತು.

ಅತ್ತೆಯವರ ವೈದ್ಯರು ಚೀಟಿ ನೋಡಿ, ಹೂವಿನ ಪಲ್ಯ ಮಿತವಾಗಿ ತಿನ್ನಬಹುದು ಎಂದರು. ಭಾನುವಾರ ಪಕ್ಕದ ಮನೆಯ ಅಜ್ಜಿಯನ್ನೇ ಕರೆದು ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಮೂವರೂ ಹೂ ಬಿಡಿಸಿದೆವು. ಅಜ್ಜಿಯ ಕೈ ನಡುಗುತ್ತದೆ, ಆದರೆ ಕೇಸರ ಎಳೆಯುವುದು ನನಗಿಂತ ಬೇಗ. ಈ ಮನೆಯ ಹಿಂದಿನ ಯಜಮಾನಿ ಬೀಜ ಹಾಕಿದ ದಿನ ತಾನೇ ನೀರೆರೆದದ್ದಾಗಿ ಆಗ ಹೇಳಿದರು. ಅದಕ್ಕೇ ದಿನಾ ಬರುತ್ತಾರೆ. ನಾನು ಬರೀ ಹೂವಿಗೆ ಬರುತ್ತಾರೆ ಎಂದುಕೊಂಡಿದ್ದೆ.

ಚಿಕ್ಕಮ್ಮ, ಉಪ್ಪು ಕೊನೆಗೇ ಹಾಕಿದೆ. ಜೋಳದ ರೊಟ್ಟಿಯ ಜೊತೆ ತಿಂದೆವು, ಮೇಲೆ ಅಗಸಿ ಹಿಂಡಿ. ಎರಡು ಅಗಸೆಯೂ ಒಂದೇ ತಟ್ಟೆಯಲ್ಲಿ.

ಚಿಕ್ಕಮ್ಮ_ಚಾಮರಾಜಪುರಂ
ರೊಟ್ಟಿಯ ಜೊತೆ ನಾನು ತಿಂದಿಲ್ಲ ಮಗಳೇ. ಮುಂದಿನ ದ್ವಾದಶಿ ಕಳೆದ ಮೇಲೆ ಮಾಡಿ ನೋಡುತ್ತೇನೆ. ಆ ಅಜ್ಜಿಗೆ ನನ್ನ ನಮಸ್ಕಾರ ಹೇಳು.

ಎಲೆತೋಟ_ಸವಣೂರು
ಹುಳಿ ಸಾರು ಮಾಡಿಸಿದೆ. ಮನೆಯಲ್ಲಿ ಮಕ್ಕಳು ಎರಡನೆಯ ಸಲ ಕೇಳಿ ಬಡಿಸಿಕೊಂಡರು.

ಹಿತ್ತಲಗಿಡ
ಈ ಸಲ ಒಂದಷ್ಟು ಹೂ ಕೀಳದೆ ಬಿಡಿ. ಮೊಳದುದ್ದದ, ಕಡ್ಡಿಯಂಥ ಕಾಯಿ ಜೋತುಬೀಳುತ್ತದೆ. ಒಣಗಿ ಕಂದಾದ ಮೇಲೆ ಬೀಜ ತೆಗೆದು ಎತ್ತಿಡಿ. ಮಣ್ಣಿಗೆ ಹಾಕಿದರೆ ವಾರದೊಳಗೆ ಮೊಳಕೆ. ಮರದ ಆಯಸ್ಸು ಕಡಿಮೆ ಎಂದೆನಲ್ಲ, ಪಕ್ಕದಲ್ಲಿಯೇ ಇನ್ನೊಂದು ಈಗಲೇ ಬರಲಿ. ಗೇಟಿನಿಂದ ಎಂಟು ಹತ್ತು ಅಡಿ ಒಳಗೆ ಹಾಕಿ.

ಧಾರವಾಡದ_ಮಗಳು
ಜಾಗ ಅಜ್ಜಿಯೇ ತೋರಿಸಿದ್ದಾರೆ, ಬಚ್ಚಲ ನೀರು ಹರಿಯುವ ಕಡೆ. ಕಾಯಿ ಬಲಿತ ಮೇಲೆ ಬಿಳಿ ಹೂವಿನ ಬೀಜ ಬೇಕಾದವರು ಇಲ್ಲಿಯೇ ಹೇಳಿ, ಅಂಚೆಯಲ್ಲಿ ಕಳಿಸುತ್ತೇನೆ.

ಮೇಷ್ಟ್ರು_ಕೊಳ್ಳೇಗಾಲ
ನನ್ನ ಹೆಸರನ್ನು ಮೊದಲು ಬರೆದುಕೊಳ್ಳಿ ತಾಯಿ. ಒಂದು ಹಿಡಿ ಸಾಕು. ಕೆಂಪಿನದನ್ನು ನಾನು ಕಳಿಸುತ್ತೇನೆ. ಶಾಲೆಯ ಹಿಂದೆ ಬಾವಿಯ ಹತ್ತಿರ ಜಾಗವಿದೆ, ಅಲ್ಲಿಗೆ ರಸ್ತೆ ಬರುವುದಿಲ್ಲ.